ಇಲಿ ಕಡಿದ ಅಂಚು

ಭಾನುವಾರದ ಬಾರ್ಲಿ ಸೂಪು ನಮ್ಮ ಮನೆಯಲ್ಲಿ ಮೂರು ಮೂರು ಸಲ ಬಿಸಿಯಾಗಲು ಶುರುವಾಗಿ ಹತ್ತು ವಾರವಾಗಿತ್ತು. ಮೂರನೆಯ ಸಲ ಕಾಯಿಸಿದ ಮೇಲೆ ಅದನ್ನು ಸೂಪು ಎನ್ನುವ ಹಾಗಿಲ್ಲ, ಗೋಡೆಗೆ ಬಳಿಯಬಹುದು. ಕಾಯಿಸುವವಳು ನಾನು, ಒತಿಲಿಯಾ. ವಯಸ್ಸು ಎಪ್ಪತ್ತೊಂದು, ಮದುವೆಯಾಗಲಿಲ್ಲ, ತಮ್ಮ ಎಲಿಯೋದೊರೊನ ಮನೆಯ ಅಡಿಗೆಮನೆ ಮೂವತ್ತು ವರ್ಷದಿಂದ ನನ್ನ ಕೈಯಲ್ಲಿದೆ. ಯಾರು ಎಷ್ಟು ಹೊತ್ತಿಗೆ ಬಂದರು, ಯಾರು ತಟ್ಟೆಯಲ್ಲಿ ಎಷ್ಟು ಬಿಟ್ಟರು ಎಂಬುದು ನನಗಿಂತ ಚೆನ್ನಾಗಿ ಯಾರಿಗೂ ತಿಳಿಯುವುದಿಲ್ಲ.

ತಡವಾಗಿ ಬರುತ್ತಿದ್ದವಳು ತಮ್ಮನ ಹೆಂಡತಿ ಸೊಯ್ಲಾ. ಬೆಳಗಿನ ಪೂಜೆಗೆ ಎಲ್ಲರೂ ಒಟ್ಟಿಗೇ ಹೋಗುತ್ತಿದ್ದೆವು. ಪೂಜೆ ಮುಗಿದ ಮೇಲೆ ಅವಳು ಚರ್ಚಿನ ಮೆಟ್ಟಿಲ ಮೇಲೆ ಶಾಲು ಸರಿಮಾಡಿಕೊಂಡು, "ನೀವು ನಡೀರಿ ಅಕ್ಕ, ಬಂದೆ" ಎಂದು ಇನ್ನೊಂದು ಬೀದಿ ಹಿಡಿಯುತ್ತಿದ್ದಳು. ಹನ್ನೆರಡೂವರೆಗೆ ಊಟ. ಅವಳು ಮನೆ ಸೇರುತ್ತಿದ್ದುದು ಎರಡಕ್ಕೆ.

"ಅಮ್ಮನಿಗೆ ಯಾರೋ ಗೆಳೆಯ ಸಿಕ್ಕಿರ್ಬೇಕು ಅತ್ತೆ," ಎಂದ ಫರ್ನೆಯ್, ಆಲೂಗಡ್ಡೆಯ ಮೇಲೆ ಕಡಲೆಕಾಯಿ ಗೊಜ್ಜು ಸುರಿದುಕೊಳ್ಳುತ್ತ. ಅವನು ನನ್ನ ತಮ್ಮನ ಮಗ, ಸಿಟಿ ಬಸ್ಸಿನ ಡ್ರೈವರು. ಮೂವತ್ತಾರಾದರೂ ತಮಾಷೆ ಮಾಡುವ ಹೊತ್ತು ಯಾವುದು ಎಂದು ಗೊತ್ತಾಗಿಲ್ಲ.

"ಬಾಯಿ ಮುಚ್ಕೊಂಡು ತಿನ್ನೋ," ಎಂದೆ.

"ಬಾಯಿ ಮುಚ್ಕೊಂಡು ಹೇಗೆ ತಿನ್ಲಿ?"

ಯಾರೂ ನಗಲಿಲ್ಲ. ಎಲಿಯೋದೊರೊ ಬಟ್ಟಲು ಮುಂದೆ ತಳ್ಳಿ, "ಬಡಿಸು" ಎಂದ. ಹೆಂಡತಿ ಎಲ್ಲಿ ಹೋಗಿದ್ದಾಳೆ ಎಂದು ಅವನು ಕೇಳಿದ್ದನ್ನು ಆ ಹತ್ತು ವಾರದಲ್ಲಿ ನಾನು ಕಂಡಿಲ್ಲ. ಅವಳು ಬಂದ ಮೇಲೂ ಕೇಳುತ್ತಿರಲಿಲ್ಲ. ಅವಳು ಕೂತು, ಗಾರೆಯಂಥ ಸೂಪನ್ನು ಉಂಡು, ಬಟ್ಟಲು ತೊಳೆದಿಟ್ಟು ಹೋಗುತ್ತಿದ್ದಳು. ನಾನು ಬೈದರೆ, "ಹೌದು ಅಕ್ಕ, ತಡವಾಯ್ತು" ಎನ್ನುತ್ತಿದ್ದಳು. ಅಂಥವಳನ್ನು ಬೈದು ಏನು ಸುಖ?

ನಮ್ಮದು ಮೋಪಾ ಕೆಲಸದ ಮನೆ. ಪುತುಮಾಯೊ ಕಾಡಿನ ಗಿಡದ ಮೊಗ್ಗಿನಲ್ಲಿ ಸಿಗುವ ಅಂಟು ಅದು. ಅದನ್ನು ಕುದಿಸಿ, ಸುತ್ತಿಗೆಯಲ್ಲಿ ಬಡಿದು, ಕಸ ಹೆಕ್ಕಿ, ಬಣ್ಣ ಕಲಸಿ, ಬಿಸಿ ಆರುವ ಮೊದಲೇ ಇಬ್ಬರು ಎದುರುಬದುರು ನಿಂತು ಎಳೆಯಬೇಕು. ಎರಡು ಕೈಯಲ್ಲಿ ಎರಡು ಮೂಲೆ, ನಡುವಿನ ಅಂಚು ಹಲ್ಲಿನಲ್ಲಿ. ಹಿಂದೆ ಹಿಂದೆ ಹೆಜ್ಜೆ ಇಟ್ಟ ಹಾಗೆ ಅದು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿನ ಹಾಳೆಯಾಗುತ್ತದೆ. ಹಾಳೆಯನ್ನು ಚಾಕುವಿನಲ್ಲಿ ಕತ್ತರಿಸಿ, ಬಿಸಿ ಮಾಡಿ, ಮರದ ಪೆಟ್ಟಿಗೆಯ ಮೇಲೆ ಅಂಗೈಯಲ್ಲಿ ಒತ್ತಿದರೆ ಹೂವು, ಹಕ್ಕಿ, ಬೆಟ್ಟ. ಒಬ್ಬರಿಂದ ಆಗುವ ಕೆಲಸವಲ್ಲ. ಬಾಯಲ್ಲಿ ಹಾಳೆ ಇರುವುದರಿಂದ ಮಾತಾಡುವ ಹಾಗಿಲ್ಲ, ಎದುರಿನವರ ಮುಖ ತಪ್ಪಿಸುವ ಹಾಗೂ ಇಲ್ಲ. ತಮ್ಮನೂ ಸೊಯ್ಲಾಳೂ ಒಬ್ಬರ ಕಿವಿಯನ್ನು ಒಬ್ಬರು ನೋಡಿಕೊಂಡು ಎಳೆಯುವುದನ್ನು ಕಲಿತಿದ್ದರು.

ಮೊದಲು ಆ ಇನ್ನೊಂದು ಅಂಚು ಹಿಡಿಯುತ್ತಿದ್ದವಳು ಮಾರ್ಲೆನಿ, ಅವರ ಮಗಳು. ಎರಡು ವರ್ಷದ ಹಿಂದೆ ಆಗಸ್ಟಿನಲ್ಲಿ ಅಂಟು ತರಲು ಘಟ್ಟದ ಕೆಳಗಿನ ಮೊಕೊವಾ ಊರಿಗೆ ಹೋದಳು. ಬರುವಾಗ ಘಟ್ಟದ ರಸ್ತೆಯಲ್ಲಿ ಬಸ್ಸು ಕೆಳಗೆ ಬಿತ್ತು. ಅಂಟಿನ ಮೂಟೆ ಮಾತ್ರ ಏನೂ ಆಗದೆ ಮನೆಗೆ ಬಂತು. ಹತ್ತನೆಯ ದಿನ ತಮ್ಮ ಅದನ್ನು ಬಿಚ್ಚಿ ಕುದಿಯಲು ಇಟ್ಟ. ನಾವು ಅದನ್ನೂ ಬಳಸಿ ಮುಗಿಸಿದೆವು. ಅತ್ತದ್ದು ಮಣ್ಣಿನ ದಿನ ಮಾತ್ರ. ಆಮೇಲೆ ಯಾರೂ ಅಳಲಿಲ್ಲ, ಅವಳ ಹೆಸರನ್ನೂ ಎತ್ತಲಿಲ್ಲ. ಹೇಳಲೇಬೇಕಾದಾಗ ತಮ್ಮ, "ಲಿಸೆತ್‌ಳ ಅಮ್ಮ" ಎನ್ನುತ್ತಿದ್ದ.

ಲಿಸೆತ್ ಮಾರ್ಲೆನಿಯ ಮಗಳು, ಒಂಬತ್ತು ವರ್ಷ. ಅವಳ ಅಪ್ಪ ಅವಳು ಹುಟ್ಟುವ ಮೊದಲೇ ಕಾಲಿಗೆ ಬುದ್ಧಿ ಹೇಳಿದ್ದ. ಸೊಯ್ಲಾ ಎಲ್ಲಿ ಹೋಗುತ್ತಾಳೆಂದು ಕೊನೆಗೆ ನನಗೆ ಹೇಳಿದವಳು ಇವಳೇ. ನಾನು ಜಗಲಿಯಲ್ಲಿ ಕೂತು ಇವಳ ತಲೆ ಬಾಚುತ್ತಿದ್ದೆ.

"ಅಜ್ಜಿ ಮ್ಯೂಸಿಯಂಗೆ ಹೋಗ್ತಾರೆ ದೊಡ್ಡಜ್ಜಿ."

"ಯಾವ ಮ್ಯೂಸಿಯಂ?"

"ತಾತನ ಪೆಟ್ಟಿಗೆ ಇದ್ಯಲ್ಲ, ಆ ಹಳೇ ಕುರ್ಚಿಗಳ ಮ್ಯೂಸಿಯಂ. ನಮ್ಮ ಕ್ಲಾಸಿನ ಹುಡುಗಿ ಅಪ್ಪ ಅಲ್ಲಿ ಕಾವಲು. ಪ್ರತಿ ಭಾನುವಾರ ಬರ್ತಾರಂತೆ, ಒಂದೇ ಕಡೆ ನಿಲ್ತಾರಂತೆ. ಅವರೇ ಈಗ ಒಂದು ಸ್ಟೂಲು ಹಾಕ್ಕೊಡ್ತಾರಂತೆ. ಆಯ್, ಎಳೀಬೇಡಿ!"

ಮುಂದಿನ ಭಾನುವಾರ ಚರ್ಚಿನ ಮೆಟ್ಟಿಲಿನಲ್ಲಿ ನಾನು ಸೊಯ್ಲಾಳ ತೋಳು ಹಿಡಿದೆ.

"ನಾನೂ ಬರ್ತೀನಿ."

"ಕಾಲುನೋವು ಅಂತೀರಲ್ಲ ಅಕ್ಕ."

"ಸೂಪು ಕಾಯಿಸಿ ಕಾಯಿಸಿ ನೋಯ್ತಿರೋದು ಕೈ. ಕಾಲು ಚೆನ್ನಾಗಿದೆ."

ಅವಳು ಬೇಡ ಎನ್ನಲಿಲ್ಲ. ಬೇಕು ಎಂದೂ ಅನ್ನಲಿಲ್ಲ. ಎರಡು ಬೀದಿ ದಾಟಿ, ಏರಿನಲ್ಲಿ ನಾನು ಮೂರು ಸಲ ನಿಂತು, ಆ ಬಿಳಿ ಗೋಡೆಯ ಮನೆ ಸೇರಿದೆವು. ಭಾನುವಾರ ಊರಿನವರಿಗೆ ಟಿಕೆಟ್ಟಿಲ್ಲ. ಆದರೂ ಊರಿನವರು ಯಾರೂ ಇರಲಿಲ್ಲ. ಮೊದಲ ಕೋಣೆಯಲ್ಲಿ ಬಿಷಪ್ಪರ ಕುರ್ಚಿಗಳು, ಕೂರಬಾರದೆಂದು ಅಡ್ಡ ಹಗ್ಗ. ಎರಡನೆಯದರಲ್ಲಿ ಬೆಳ್ಳಿಯ ಜಗ್ಗುಗಳು, ತಟ್ಟೆಗಳು, ಯಾರೂ ಉಣ್ಣದ ಚಮಚಗಳು. ಎಲ್ಲಕ್ಕೂ ಚೀಟಿ. ನಮ್ಮಮ್ಮನ ಮನೆಯಲ್ಲಿದ್ದಂಥದೇ ಜೋಳ ಬೀಸುವ ಕಲ್ಲನ್ನು ಗಾಜಿನೊಳಗೆ ಇಟ್ಟು ಮೇಲಿಂದ ದೀಪ ಬಿಟ್ಟಿದ್ದರು. ಇದನ್ನು ನೋಡಲು ಜನ ರಾಜಧಾನಿ ಬೊಗೋತಾದಿಂದ ಬರುತ್ತಾರೆ ಎಂದರೆ ನಗು ಬಂತು. ಅದರ ಮೇಲೆ ಜೋಳ ಬೀಸಿ ನನ್ನ ಭುಜ ಬಿದ್ದುಹೋಗಿದೆ, ನನ್ನನ್ನೂ ಒಂದು ಗಾಜಿನಲ್ಲಿಡಬಹುದಿತ್ತು.

ಸೊಯ್ಲಾ ಇದ್ಯಾವುದನ್ನೂ ನೋಡದೆ ನೇರ ಮೂರನೆಯ ಕೋಣೆಗೆ ನಡೆದಳು. ಕಾವಲಿನ ಸೆರ್ವಿಯೊ ಆಗಲೇ ಸ್ಟೂಲು ತಂದಿದ್ದ. ನನ್ನನ್ನು ಕಂಡು ಇನ್ನೊಂದು ತರಲು ಹೋದ.

ಮೋಪಾ ಕೆಲಸದ ಪೆಟ್ಟಿಗೆಗಳ ಸಾಲಿನಲ್ಲಿ ಕೊನೆಯದು ನಮ್ಮದು. ಕಪ್ಪು ಮೈ, ಮೇಲೆ ಕೆಂಪು ಹಕ್ಕಿಗಳು, ಕೆಳಗೆ ಹಸಿರು ಬೆಟ್ಟ. ಚೀಟಿಯಲ್ಲಿ, 'ಮೇಸ್ತ್ರಿ ಎಲಿಯೋದೊರೊ ಓಬಾಂದೊ'. ಮಾರ್ಲೆನಿ ತೀರಿಕೊಂಡ ಒಂದು ತಿಂಗಳಿಗೆ ಮ್ಯೂಸಿಯಮ್ಮಿನವರು ಒಂದು ಪೆಟ್ಟಿಗೆ ಕೇಳಿದ್ದರು. ತಮ್ಮ ಇದನ್ನು ಹಳೇ ಪೇಪರಿನಲ್ಲಿ ಸುತ್ತಿ ಕೊಟ್ಟುಬಂದಿದ್ದ. ಅವರು ಕೊಟ್ಟ ಪ್ರಮಾಣಪತ್ರ ಊಟದ ಮೇಜಿನ ಮೇಲೆ ಗೋಡೆಯಲ್ಲಿದೆ, ವಾರಕ್ಕೊಮ್ಮೆ ನಾನೇ ಒರೆಸುತ್ತೇನೆ.

ಸೊಯ್ಲಾ ಸ್ಟೂಲಿನಲ್ಲಿ ಕೂತಳು. ಕೂತರೆ ಅವಳ ಕಣ್ಣು ಸರಿಯಾಗಿ ಬೆಟ್ಟದ ಮಟ್ಟಕ್ಕೆ ಬರುತ್ತಿತ್ತು. ಗಾಜು ಮುಟ್ಟದೆ ಬೆರಳು ತೋರಿಸಿದಳು.

"ಇಲ್ನೋಡಿ ಅಕ್ಕ."

ಬೆಟ್ಟದ ಬುಡದ ಅಂಚಿನಲ್ಲಿ ಅಕ್ಕಿಕಾಳಿನಷ್ಟು ಎರಡು ಕಚ್ಚು. ಒಂದು ಅಗಲ, ಇನ್ನೊಂದು ಅದರ ಅರ್ಧ. ಎರಡರಲ್ಲೂ ಕಪ್ಪು ಮರ ಕಾಣುತ್ತಿತ್ತು.

ನನಗೆ ಕೂಡಲೇ ತಿಳಿಯಿತು. ಮಾರ್ಲೆನಿಗೆ ಹನ್ನೆರಡಾಗಿದ್ದಾಗ ಫರ್ನೆಯ್ ಅವಳೊಂದಿಗೆ ಐಸ್‌ಕ್ರೀಮಿನ ಪಂಥ ಕಟ್ಟಿದ್ದ, ಸೋಡಾ ಬಾಟಲಿಯ ಮುಚ್ಚಳ ಹಲ್ಲಿನಲ್ಲಿ ತೆಗೆ ಎಂದು. ತೆಗೆದಳು. ಮುಂದಿನ ಹಲ್ಲು ಅರ್ಧ ಹೋಯಿತು. ಐಸ್‌ಕ್ರೀಮನ್ನೂ ಬಿಡದೆ ತಿಂದಳು. ಅವತ್ತಿನಿಂದ ಅವಳು ಎಳೆದ ಹಾಳೆಯ ಅಂಚೆಲ್ಲ ಹೀಗೇ. ತಮ್ಮ ಚಾಕು ಹಿಡಿದು ಆ ಅಂಚನ್ನು ಕತ್ತರಿಸಿ ಎಸೆಯುತ್ತ, "ಮತ್ತೆ ಇಲಿ ಕಡಿದಿದೆ ನೋಡು" ಎನ್ನುತ್ತಿದ್ದ. ಅವಳನ್ನು ಇಲಿ ಎಂದೇ ಕರೆಯುತ್ತಿದ್ದ. ಇಪ್ಪತ್ತು ವರ್ಷ ಕತ್ತರಿಸಿ ಎಸೆದಿದ್ದಾನೆ.

"ಇದೊಂದು ಹೇಗೆ ಉಳೀತು?" ಎಂದೆ.

"ಅವಳು ಮೊಕೊವಾಗೆ ಹೊರಡೋ ಹಿಂದಿನ ದಿನ ನಿಮ್ಮ ತಮ್ಮ ಕನ್ನಡಕ ಒಡ್ಕೊಂಡಿದ್ರು. ಬೆಟ್ಟ ಅವಳೇ ಅಂಟಿಸಿದ್ಲು. ಆಮೇಲೆ ಅವರು ಪೆಟ್ಟಿಗೆನ ಕಣ್ಣೆತ್ತಿ ನೋಡ್ಲಿಲ್ಲ. ನನಗೂ ಇಲ್ಲಿಗೆ ಬರೋಕೆ ಇಷ್ಟು ದಿನ ಬೇಕಾಯ್ತು."

"ಅವನಿಗೆ ಹೇಳು."

"ಬೇಡ."

"ಯಾಕೆ?"

"ಗೊತ್ತಾದ್ರೆ ಸರಿ ಮಾಡ್ತಾರೆ ಅಕ್ಕ."

ನನ್ನ ತಮ್ಮ ಎಂಥವನೆಂದರೆ, ಪಕ್ಕದ ಮನೆಯವರ ಬಾಗಿಲು ಸೊಟ್ಟಗಿದ್ದರೂ ರಾತ್ರಿ ಅವನಿಗೆ ನಿದ್ದೆ ಬರುವುದಿಲ್ಲ. ಇಬ್ಬರೂ ಮುಕ್ಕಾಲು ಗಂಟೆ ಕೂತೆವು. ನನಗೆ ಅಳು ಬರಬಹುದೆಂದು ಕಾದೆ, ಬರಲಿಲ್ಲ. ಕಾಲು ಜೋಮು ಹಿಡಿಯಿತು, ಅಷ್ಟೇ. ಅವತ್ತು ಮನೆಗೆ ಹೋಗಿ, ಅವರು ಎರಡು ಸಲ ಕಾಯಿಸಿ ಉಂಡಿದ್ದ ಸೂಪನ್ನು ಮೂರನೆಯ ಸಲ ಕಾಯಿಸಿದೆ, ಯಾರನ್ನೂ ಬೈಯಲಿಲ್ಲ. ಫರ್ನೆಯ್ ಹುಬ್ಬೇರಿಸಿದ.

ಆಮೇಲೆ ಇನ್ನೊಂದು ಭಾನುವಾರ ಕಳೆಯಿತು. ಅದಾದ ಎರಡೇ ದಿನಕ್ಕೆ ಮ್ಯೂಸಿಯಮ್ಮಿನ ಡಾಕ್ಟರಮ್ಮ ನಮ್ಮ ಮನೆಗೇ ಬಂದಳು. ಹೆಸರು ಕ್ಲೆಮೆನ್ಸಿಯಾ. ನಮ್ಮೂರಿನಲ್ಲಿ ಮೇಜು ಕುರ್ಚಿ ಇರುವವರೆಲ್ಲ ಡಾಕ್ಟರಮ್ಮಂದಿರೇ, ಜ್ವರಕ್ಕೆ ಮದ್ದು ಕೇಳಬಾರದು ಅಷ್ಟೇ. ಒಳ್ಳೆಯ ಹೆಂಗಸು. ಕೊಟ್ಟ ಕಾಫಿಯನ್ನು ಪೂರ್ತಿ ಕುಡಿದಳು.

"ಮೇಸ್ತ್ರಿ, ಒಳ್ಳೇ ಸುದ್ದಿ. ಬೊಗೋತಾದಲ್ಲಿ ದೊಡ್ಡ ಪ್ರದರ್ಶನ ಇದೆ. ದೇಶದ ಕೈಕೆಲಸದ್ದೆಲ್ಲ. ನಮ್ಮಲ್ಲಿಂದ ನಿಮ್ಮ ಪೆಟ್ಟಿಗೆ ಆರಿಸಿದಾರೆ."

ತಮ್ಮ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. "ನಮ್ಮದಾ?" ಎಂದ.

"ಒಂದು ಸಣ್ಣ ತೊಂದರೆ. ಕೆಳಗೆ ಬೆಟ್ಟದ ಹತ್ರ ಚೂರು ಹರಿದಿದೆ. ಇಲಿನೋ ಹುಳುನೋ ಗೊತ್ತಿಲ್ಲ. ನೀವೇ ಬಂದು ಸರಿ ಮಾಡಿಕೊಟ್ರೆ ಹೋಗುತ್ತೆ."

"ಹರಿದಿದ್ಯಾ? ನನ್ನ ಪೆಟ್ಟಿಗೆ?" ಅವನ ಮುಖ ಕೆಂಪಾಯಿತು. "ಎಷ್ಟು ದಿನದಿಂದ ಹಾಗೇ ಇಟ್ಟಿದ್ದೀರಿ? ಎರಡು ವರ್ಷ ಜನ ಅದನ್ನ ನೋಡ್ಕೊಂಡು ಹೋದ್ರಾ, ನನ್ನ ಹೆಸರಿನ ಕೆಳಗೆ?"

"ಈಗ ಪಟ್ಟಿ ಮಾಡುವಾಗ ಕಣ್ಣಿಗೆ ಬಿತ್ತು ಮೇಸ್ತ್ರಿ."

"ಸರಿ ಮಾಡದಿದ್ರೆ?" ಎಂದು ನಾನು ಕೇಳಿದೆ.

"ಹಾನಿ ಆಗಿದೆ ಅಂತ ಪಟ್ಟಿಗೆ ಸೇರಿದ್ದನ್ನ ಹೊರಗೆ ಇಡೋ ಹಾಗಿಲ್ಲ ಅಮ್ಮ. ಒಳಗೆ ಉಗ್ರಾಣಕ್ಕೆ ಹೋಗುತ್ತೆ."

"ಅದರ ಮಾತೇ ಬೇಡ," ಎಂದ ತಮ್ಮ. "ಬರೋ ಶನಿವಾರ ಬರ್ತೀನಿ. ಅರ್ಧ ಗಂಟೆ ಕೆಲಸ."

ಸೊಯ್ಲಾ ಅಡಿಗೆಮನೆಯ ಬಾಗಿಲಲ್ಲಿ ಕಾಫಿ ಪಾತ್ರೆ ಹಿಡಿದು ನಿಂತಿದ್ದಳು. ಬಂದು ಡಾಕ್ಟರಮ್ಮನ ಲೋಟ ತುಂಬಿದಳು. ಗಂಡನ ಲೋಟ ತುಂಬಿದಳು. ಅದು ತುಂಬಿ ತಟ್ಟೆಗೆ ಚೆಲ್ಲುವವರೆಗೂ ಹೊಯ್ಯುತ್ತಲೇ ಇದ್ದಳು.

"ಸಾಕು ಕಣೇ," ಎಂದ ಅವನು.

ಡಾಕ್ಟರಮ್ಮ ಹೋದ ಮೇಲೆ ನಾನು ಸೊಯ್ಲಾಳನ್ನು ಹಿತ್ತಲಿಗೆ ಎಳೆದುಕೊಂಡು ಹೋದೆ. ಅವಳು ಊಟಕ್ಕೆಂದು ಸಾಕಿದ ಗಿನಿಯಿಲಿಗಳಿಗೆ, ನಮ್ಮ ಕುಯ್‌ಗಳಿಗೆ, ಹುಲ್ಲು ಹಾಕತೊಡಗಿದಳು. ಅವು ಕುಯ್ ಕುಯ್ ಎಂದು ಕಾಲಿಗೆ ಮುತ್ತಿದವು.

"ಈಗಾದ್ರೂ ಹೇಳ್ತೀಯೋ ಇಲ್ವೋ?"

"ಹೇಳಿ ಏನಾಗ್ಬೇಕು ಅಕ್ಕ? ಮುಚ್ಚಿದ್ರೂ ಹೋಯ್ತು, ಒಳಗಿಟ್ರೂ ಹೋಯ್ತು."

"ಮುಚ್ಚೋದಕ್ಕೂ ಒಳಗಿಡೋದಕ್ಕೂ ವ್ಯತ್ಯಾಸ ಇಲ್ವಾ?"

"ಇದೆ." ಹುಲ್ಲಿನ ಕಂತೆ ಬಿಡಿಸಿದಳು. "ಆದ್ರೆ ಅದನ್ನ ಅವರ ಹತ್ರ ಕೇಳ್ಕೊಳ್ಳೋಕೆ ನನ್ನ ಕೈಲಾಗಲ್ಲ. ಎರಡು ವರ್ಷ ಆಯ್ತು, ಅವರು ಅವಳ ಹೆಸರೆತ್ತಿಲ್ಲ. ನಾನೂ ಎತ್ತಿಲ್ಲ. ಈಗ ಮೊದಲು ಎತ್ತೋ ಮಾತು ಒಂದು ಹಲ್ಲಿಗಾ?"

"ನಾನು ಹೇಳ್ತೀನಿ ಬಿಡು."

"ನೀವು ಹೇಳಿದ್ರೆ ನಾನು ಈ ಮನೇಲಿ ಊಟ ಮಾಡಲ್ಲ."

ಸೊಯ್ಲಾ ಹಾಗೆ ಹೇಳುವವಳಲ್ಲ. ಅದಕ್ಕೇ ಹೆದರಿ ಬಾಯಿಗೆ ಬೀಗ ಹಾಕಿಕೊಂಡೆ. ಆದರೆ ಅವಳ ಮೇಲೂ ಸಿಟ್ಟು, ಅವನ ಮೇಲೂ ಸಿಟ್ಟು. ಇಬ್ಬರೂ ಸೇರಿ ನನ್ನನ್ನು ನಡುವೆ ನಿಲ್ಲಿಸಿದರಲ್ಲ ಎಂದು ಆ ವಾರ ಎರಡು ಸಲ ಅನ್ನ ತಳ ಹಿಡಿಸಿದೆ.

ಗುರುವಾರ ತಮ್ಮ ಅಂಟು ಕುದಿಯಲು ಇಟ್ಟ. ಆ ಬೆಟ್ಟದ ಹಸಿರು ಅಂಗಡಿಯಲ್ಲಿ ಸಿಗುವುದಲ್ಲ, ಮಾರ್ಲೆನಿ ನೀಲಿಗೆ ಹಳದಿ ಸೇರಿಸಿ ಕೊನೆಗೆ ಚಿಟಿಕೆ ಕಪ್ಪು ಹಾಕಿ ಕಲಸಿದ್ದು. ಅವನು ನೆನಪಿನಿಂದಲೇ ಕಲಸಿದ. ಮೂರು ಸಲ ಕೆಡಿಸಿ ನಾಲ್ಕನೆಯ ಸಲ ಅದೇ ಹಸಿರು ಬಂತು. ಉಂಡೆ ಬಿಸಿ ನೀರಿನಿಂದ ಎತ್ತಿ, "ಬಾರೇ" ಎಂದು ಹೆಂಡತಿಯನ್ನು ಕರೆದ.

ಸೊಯ್ಲಾ ಜೋಳ ಸುಲಿಯುತ್ತ ಕೂತಿದ್ದಳು. ಏಳಲಿಲ್ಲ.

"ನನ್ನ ಹಲ್ಲು ನೋಯ್ತಿದೆ."

"ನಿನ್ನೆ ನೋಯ್ತಿರ್ಲಿಲ್ಲ."

"ಇವತ್ತು ನೋಯ್ತಿದೆ."

"ಅಂಟು ಆರಿಹೋಗುತ್ತೆ!"

"ಆರ್ಲಿ."

ಅವನು ಅವಳನ್ನು ನೋಡಿದ. ಅವಳು ಜೋಳವನ್ನು ನೋಡುತ್ತಿದ್ದಳು. ಊಟಕ್ಕೆ ಬಂದಿದ್ದ ಫರ್ನೆಯ್, "ನಾನು ಹಿಡೀತೀನಿ ಅಪ್ಪ" ಎಂದು ತೋಳೇರಿಸಿದ. ಬಸ್ಸಿನ ಸ್ಟಿಯರಿಂಗ್ ಎಳೆದ ಹಾಗೆ ಎಳೆದ. ಹಾಳೆ ನಡುವೆ ಫಟ್ಟೆಂದು ಹರಿದು ಮೂಗಿಗೆ ಅಂಟಿಕೊಂಡಿತು.

"ಕತ್ತೆ!" ಎಂದ ತಮ್ಮ. "ಅಕ್ಕ, ನೀನು ಬಾ."

"ನನಗೆ ಹಲ್ಲೆಲ್ಲಿದೆಯೋ?"

"ಕಟ್ಟಿಸ್ಕೊಂಡಿದೀಯಲ್ಲ, ಅದರಲ್ಲಿ ಹಿಡಿ."

ಹಿಡಿದೆ. ಅವನು ಒಂದು ಹೆಜ್ಜೆ ಹಿಂದೆ ಇಟ್ಟ. ನನ್ನ ಮೇಲಿನ ಸಾಲು ಪೂರ್ತಿ ಹಾಳೆಯ ಜೊತೆ ಅವನ ಕಡೆ ಹೊರಟಿತು. ಲಿಸೆತ್ ಬಿದ್ದು ಬಿದ್ದು ನಕ್ಕಳು. ಫರ್ನೆಯ್ ಮೂಗಿನ ಹಸಿರು ಕೀಳುತ್ತ ನಕ್ಕ. ಹಲ್ಲಿಲ್ಲದ ಬಾಯಲ್ಲಿ ನಾನೂ ನಕ್ಕೆ. ಸೊಯ್ಲಾಳ ತುಟಿಯೂ ಒಂದು ಚೂರು ಅಲುಗಿತು. ಆ ಮನೆಯಲ್ಲಿ ಅಷ್ಟು ಸದ್ದಾಗಿ ಎರಡು ವರ್ಷವಾಗಿತ್ತು. ತಮ್ಮ ಮಾತ್ರ ನಗಲಿಲ್ಲ, ಉಂಡೆಯನ್ನು ಮತ್ತೆ ನೀರಿಗೆ ಹಾಕಿದ.

"ತಾತ, ನಾನು ಹಿಡೀಲಾ?" ಎಂದಳು ಲಿಸೆತ್.

ಅವನು ಅವಳಿಗೆ ಬೆರಳು ಹೇಗಿಡಬೇಕು, ಹೆಜ್ಜೆ ಹೇಗಿಡಬೇಕು ಎಂದು ತೋರಿಸಿದ. ಅವಳ ಎತ್ತರಕ್ಕೆ ಮಂಡಿಯೂರಿ ಕೂತ. ಹುಡುಗಿ ಅಂಚು ಕಚ್ಚಿ, ಉಸಿರು ಬಿಗಿಹಿಡಿದು, ಮೆಲ್ಲಗೆ ಹಿಂದೆ ಹಿಂದೆ ಸರಿದಳು. ಹಾಳೆ ಹರಿಯಲಿಲ್ಲ. ಮೇಜಿನ ಮೇಲೆ ಹರಡಿ ನೋಡಿದರೆ ಅವಳ ಹೊಸ ಹಲ್ಲುಗಳ ಅಂಚು ಗೆರೆ ಎಳೆದ ಹಾಗೆ ನೆಟ್ಟಗಿತ್ತು.

"ಚೆನ್ನಾಗಿದೆ," ಎಂದ ತಮ್ಮ.

"ಅಮ್ಮಂದು ಹೀಗೆ ಬರ್ತಿರ್ಲಿಲ್ಲ ಅಲ್ವಾ ತಾತ? ಇಲಿ ಕಡಿದ ಹಾಗೆ ಬರ್ತಿತ್ತು. ನೀವು ಬೈತಿದ್ರಿ."

ಸೊಯ್ಲಾಳ ಕೈಯ ಜೋಳ ನಿಂತಿತು. ತಮ್ಮ ಚಾಕು ತೆಗೆದುಕೊಂಡ, ಹಾಳೆಯಿಂದ ಹೆಬ್ಬೆರಳಿನಷ್ಟು ಚೂರು ಕತ್ತರಿಸಿದ, ಎಣ್ಣೆ ಕಾಗದದಲ್ಲಿ ಸುತ್ತಿ ಜೇಬಿನಲ್ಲಿ ಇಟ್ಟುಕೊಂಡ. ಅವನಿಗೆ ಆಗಲೇ ಏನಾದರೂ ಹೊಳೆಯಿತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ರಾತ್ರಿ ಊಟದಲ್ಲಿ ಏನೂ ಬಿಡದೆ ತಿಂದ.

ಶನಿವಾರ ಎಲ್ಲರೂ ಹೋದೆವು. ಫರ್ನೆಯ್ ಹೊಸ ಅಂಗಿ ಹಾಕಿಕೊಂಡಿದ್ದ, ಬೊಗೋತಾಕ್ಕೆ ಅವನನ್ನೇ ಕಳಿಸುತ್ತಾರೇನೋ ಎಂಬಂತೆ. ಸೊಯ್ಲಾ ಬರುವುದಿಲ್ಲ ಎಂದುಕೊಂಡಿದ್ದೆ. ಅವಳು ಎಲ್ಲರಿಗಿಂತ ಮೊದಲು ಶಾಲು ಹೊದ್ದು ಬಾಗಿಲಲ್ಲಿ ನಿಂತಿದ್ದಳು.

"ಇನ್ನೊಂದ್ಸಲ ನೋಡ್ಬಿಡ್ತೀನಿ ಅಕ್ಕ," ಎಂದಳು ನನ್ನ ಕಿವಿಯಲ್ಲಿ.

ಹಿಂದಿನ ಕೋಣೆಯಲ್ಲಿ ಉದ್ದನೆಯ ಮೇಜು, ಬಿಳಿ ಬಟ್ಟೆ, ಬಿಳಿ ದೀಪ. ಡಾಕ್ಟರಮ್ಮ ಕೈಗವಸು ಹಾಕಿಕೊಂಡು ಪೆಟ್ಟಿಗೆ ತಂದಿಟ್ಟಳು. ತಮ್ಮನಿಗೂ ಒಂದು ಜೊತೆ ಚಾಚಿದಳು.

"ಗವಸು ಹಾಕ್ಕೊಂಡು ಈ ಕೆಲಸ ಆಗಲ್ಲಮ್ಮ. ಅಂಗೈ ಬಿಸಿ ತಾಗ್ಬೇಕು."

"ನೀವು ಮಾಡಿದ್ದು ತಾನೆ, ಮುಟ್ಟಿ," ಎಂದು ನಕ್ಕಳು.

ತಮ್ಮ ವಿದ್ಯುತ್ ಒಲೆ ಹಾಕಿದ, ಚಾಕು ಒರೆಸಿದ, ಹಸಿರು ಚೂರು ಬಿಚ್ಚಿಟ್ಟ. ಕನ್ನಡಕ ಹಾಕಿಕೊಂಡು ಪೆಟ್ಟಿಗೆಯನ್ನು ತಿರುಗಿಸಿ ಬೆಟ್ಟವನ್ನು ಬೆಳಕಿಗೆ ಹಿಡಿದ.

ಮೊದಲು ಹೆಬ್ಬೆರಳಿನ ಉಗುರನ್ನು ಅಗಲದ ಕಚ್ಚಿನಲ್ಲಿ ಇಟ್ಟ. ಆಮೇಲೆ ಅದರ ಪಕ್ಕದ ಚಿಕ್ಕದರಲ್ಲಿ. ಮತ್ತೆ ಮೊದಲಿನದರಲ್ಲಿ. ಒಲೆ ಕಾದು ಕೆಂಪಾಯಿತು. ಕೊನೆಗೆ ಡಾಕ್ಟರಮ್ಮನೇ ಹೋಗಿ ಅದನ್ನು ಆರಿಸಿದಳು.

"ಇದು ರಿಪೇರಿ ಮಾಡೋದಲ್ಲ," ಎಂದ ತಮ್ಮ.

"ಯಾಕೆ ಮೇಸ್ತ್ರಿ? ಹಾಳೆ ಹೊಂದಿಕೆ ಆಗ್ಲಿಲ್ವಾ?"

"ಹಾಳೆ ಚೆನ್ನಾಗಿದೆ. ಮಗು ಎಳೆದಿದ್ದು."

"ಮತ್ತೆ?"

"ಹರಿದಿರೋದಲ್ಲ ಇದು. ಹಲ್ಲು."

ಫರ್ನೆಯ್ ಒಂದು ಹೆಜ್ಜೆ ಮುಂದೆ ಬಂದು ಬಗ್ಗಿ ನೋಡಿದ. ನೋಡಿ ಗೋಡೆಯ ಕಡೆ ತಿರುಗಿ ನಿಂತ. ಆ ಪಂಥದ ವಿಷಯ ಅವನು ಯಾರೊಂದಿಗೂ ಆಡುವುದಿಲ್ಲ, ಐಸ್‌ಕ್ರೀಮನ್ನು ತಿನ್ನುವುದೂ ಇಲ್ಲ.

ಡಾಕ್ಟರಮ್ಮನಿಗೆ ಪೂರ್ತಿ ಅರ್ಥವಾಗಲಿಲ್ಲ, ಆದರೆ ಏನೋ ಅರ್ಥವಾಯಿತು. ಮೆಲ್ಲಗೆ ಹೇಳಿದಳು, "ಹಾಗೇ ಬಿಟ್ರೆ ಬೊಗೋತಾಕ್ಕೆ ಹೋಗಲ್ಲ ಮೇಸ್ತ್ರಿ. ಇಲ್ಲೂ ಇಡೋಕೆ ಬರಲ್ಲ. ಉಗ್ರಾಣವೇ. ಗೊತ್ತಲ್ವಾ?"

"ಗೊತ್ತು. ಇಡಿ."

"ನೋಡ್ಬೇಕು ಅನ್ನಿಸಿದ್ರೆ ಮನೆಯವರು ಪತ್ರ ಕೊಟ್ಟು ವರ್ಷಕ್ಕೊಂದ್ಸಲ ಬರಬಹುದು." ಅವಳು ಒಂದು ಕಾಗದ ತೆಗೆದಳು. "ಇದರಲ್ಲಿ ಕಾರಣ ಬರೀಬೇಕು. ಏನಂತ ಬರೀಲಿ?"

"ಕೆಲಸ ಮಾಡಿದವರ ಹಲ್ಲಿನ ಗುರುತು ಅಂತ ಬರೀರಿ."

"ಅಂದ್ರೆ ನಿಮ್ಮದು?"

"ನಂದಲ್ಲ."

"ಯಾರದು? ಹೆಸರು ಬೇಕಲ್ಲ ಮೇಸ್ತ್ರಿ."

ತಮ್ಮ ಬಾಯಿ ತೆರೆದ. ಮುಚ್ಚಿದ. ಬಾಯಲ್ಲಿ ಹಾಳೆ ಕಚ್ಚಿಕೊಂಡವನ ಹಾಗೆ ದವಡೆ ಬಿಗಿಯಾಗಿತ್ತು. ಅವನು ಈ ಸಲ ಸೊಯ್ಲಾಳ ಕಿವಿಯನ್ನು ನೋಡಲಿಲ್ಲ, ಮುಖವನ್ನೇ ನೋಡಿದ.

"ಮಾರ್ಲೆನಿ," ಎಂದ. "ಮಾರ್ಲೆನಿ ಓಬಾಂದೊ ಮೈಗ್ವಾಲ್."

ಡಾಕ್ಟರಮ್ಮ ಹೆಸರನ್ನೂ, ಅಪ್ಪನದು ಅಮ್ಮನದು ಎರಡೂ ಮನೆತನಗಳನ್ನೂ ಬರೆದುಕೊಂಡಳು. ಸೊಯ್ಲಾ ಸೆರ್ವಿಯೊ ತಂದಿಟ್ಟ ಸ್ಟೂಲಿನಲ್ಲಿ ಕೂತಿದ್ದಳು, ಎರಡು ಕೈ ಮಡಿಲಲ್ಲಿ. ಅವಳು ಹೇಳಿದ್ದು ಒಂದೇ ಮಾತು.

"ಒಳಗಿಡೋಕೆ ಮುಂಚೆ ಮಗು ನೋಡ್ಲಿ."

ಲಿಸೆತ್ ಮೇಜಿನ ಅಂಚಿಗೆ ಗಲ್ಲ ಊರಿ ನೋಡಿದಳು. ತನ್ನ ಮುಂದಿನ ಹಲ್ಲುಗಳ ಮೇಲೆ ನಾಲಿಗೆ ಆಡಿಸಿದಳು.

"ಇಷ್ಟು ಚಿಕ್ಕದಾ?" ಎಂದಳು.

"ಅಷ್ಟೇ," ಎಂದ ಅವಳ ತಾತ.

ಪೆಟ್ಟಿಗೆಯನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ, ಕಟ್ಟಿ, ಒಂದು ಸಂಖ್ಯೆಯ ಚೀಟಿ ಹಚ್ಚಿ ಒಳಗೆ ತೆಗೆದುಕೊಂಡು ಹೋದರು. ಬಾಗಿಲು ಹಾಕಿಕೊಂಡಿತು. ಹೊರಗೆ ಬರುವಾಗ ಮೂರನೆಯ ಕೋಣೆಯಲ್ಲಿ ಅದರ ಜಾಗದಲ್ಲಿ ಧೂಳು ಕೂರದ ಚೌಕವೊಂದು ಉಳಿದಿತ್ತು. ಸೊಯ್ಲಾ ಅಲ್ಲಿ ನಿಲ್ಲಲಿಲ್ಲ.

ಮಾರನೆಯ ದಿನ ಭಾನುವಾರ. ಪೂಜೆ ಮುಗಿದ ಮೇಲೆ ಚರ್ಚಿನ ಮೆಟ್ಟಿಲಿನಲ್ಲಿ ಸೊಯ್ಲಾ ಶಾಲು ಸರಿಮಾಡಿಕೊಂಡಳು. ಅಭ್ಯಾಸದಿಂದ ಆ ಬೀದಿಯ ಕಡೆ ಎರಡು ಹೆಜ್ಜೆ ಹಾಕಿ, ನಿಂತು, ತಿರುಗಿ ನಮ್ಮ ಜೊತೆ ನಡೆದಳು. ಹನ್ನೆರಡೂವರೆಗೆ ಐದೂ ಜನ ಮೇಜಿನಲ್ಲಿದ್ದೆವು. ಸೂಪು ಒಂದೇ ಸಲ ಬಿಸಿಯಾಗಿತ್ತು. ಎಷ್ಟೋ ವಾರದ ಮೇಲೆ ಸೂಪಿನ ಹಾಗಿದ್ದ ಸೂಪು, ಆದರೆ ಅದರ ರುಚಿ ಯಾರ ನಾಲಿಗೆಗೂ ತಾಗಿದಂತೆ ಕಾಣಲಿಲ್ಲ.

ಅರ್ಧ ಬಟ್ಟಲು ಮುಗಿದ ಮೇಲೆ ತಮ್ಮ ತಲೆಯೆತ್ತದೆ ಕೇಳಿದ, "ಎಷ್ಟು ಭಾನುವಾರ ಹೋಗಿದ್ದೆ?"

"ಹನ್ನೆರಡು," ಎಂದಳು ಸೊಯ್ಲಾ.

"ನನಗ್ಯಾಕೆ ಹೇಳ್ಲಿಲ್ಲ?"

"ಹೇಳಿದ್ರೆ ಸರಿ ಮಾಡ್ತಿದ್ರಿ."

ಫರ್ನೆಯ್ ಚಮಚ ಕೆಳಗಿಟ್ಟ. ನಾನು ಸೂಪಿನ ಪಾತ್ರೆಯನ್ನು ಪಕ್ಕಕ್ಕೆ ಸರಿಸಿದೆ, ಈಗ ಜಗಳವಾಗುತ್ತದೆ, ಆಗಲಿ, ಆದರೆ ಒಳ್ಳೆಯದೇ ಎಂದುಕೊಂಡು. ತಮ್ಮ ಬಾಯಲ್ಲಿದ್ದದ್ದನ್ನು ನಿಧಾನವಾಗಿ ಅಗಿದು ನುಂಗಿದ.

"ಹೌದು," ಎಂದ. "ಮಾಡ್ತಿದ್ದೆ."

ಆಮೇಲೆ ಉಪ್ಪು ಕೇಳಿದ. ಸೊಯ್ಲಾ ಕೊಟ್ಟಳು.